ಮತ್ತು ಇತರರು

"ತಡೀರಿ, ಬಾಗಿಲು ಹಾಕ್ಬೇಡಿ!"

ಶವವಾಹನದ ಹಿಂದೆಯೇ ಸೈಕಲ್ ನಿಲ್ಲಿಸಿ ಪೋಸ್ಟ್‌ಮ್ಯಾನ್ ಇಳಿದ. ಕೈಯಲ್ಲೊಂದು ರಿಜಿಸ್ಟರ್ಡ್ ಲಕೋಟೆ. ಅದು ಬಂದದ್ದು ಒಳಗೆ ಮಲಗಿದ್ದವನ ಹೆಸರಿಗೆ.

"ಎಲ್ಲಿಂದಪ್ಪಾ?" ಅವನ ಹೆಂಡತಿ ಕಣ್ಣೊರೆಸಿಕೊಂಡಳು.

"ಮೇಲಿನ ಕಚೇರಿಯಿಂದ ಅಮ್ಮಾ. ಬಡ್ತಿ ಮೇಲ್ಮನವಿ ತೀರ್ಪು. ಆದ್ರೆ ವಿಳಾಸದಾರರು ತೀರಿಕೊಂಡ್ರೆ ವಾಪಸ್ ಕಳಿಸ್ಬೇಕು. ಮತ್ತೆ ಬರೋಕೆ ಇನ್ನೆಷ್ಟು ದಿನವೋ."

ಗುಂಪಿನಲ್ಲಿದ್ದ, ಅವನದೇ ಅಂಚೆ ಕಚೇರಿಯಲ್ಲಿ ಟಪಾಲು ಚೀಲ ಕಟ್ಟುವ ಅಕ್ಕನ ಮುಖ ಬಾಡಿತು. ಆ ಬಡ್ತಿ ಅವಳಿಗೆ ಸಲ್ಲಬೇಕಾದದ್ದು. ನಿವೃತ್ತಿಗೆ ಉಳಿದದ್ದು ಎರಡೇ ತಿಂಗಳು.

"ವಿಳಾಸ ಪೂರ್ತಿ ಓದಿದ್ಯಾ?" ಎಂದಳು ಹೆಂಡತಿ. "ಅರ್ಧ ಓದಿ ಕಾಗದ ಎಸೆದ್ರೆ ನಿಮ್ಮಣ್ಣ ಸುಮ್ನೆ ಬಿಡ್ತಿದ್ರಾ?"

ಅವನು ಕನ್ನಡಕ ಏರಿಸಿದ. ಹೆಸರಿನ ಕೆಳಗೆ ಎರಡು ಪದಗಳಿದ್ದವು: 'ಮತ್ತು ಇತರರು'.

*

ಆರು ವರ್ಷದ ಹಿಂದೆ ಸಾಹೇಬರು ಅಕ್ಕನನ್ನು ದಾಟಿಸಿ ತಮ್ಮ ಕಡೆಯವನನ್ನು ಸೂಪರ್‌ವೈಸರ್ ಮಾಡಿದ್ದರು. ಪರೀಕ್ಷೆಯಲ್ಲೂ ಸೇವೆಯಲ್ಲೂ ಮುಂದಿದ್ದವಳು ಅವಳೇ. ಈಗ ಶವವಾಹನದಲ್ಲಿ ಮಲಗಿದ್ದ, ಕಾಗದ ವಿಂಗಡಿಸುವವನು ಮಾತ್ರ ಆಗ ಬಾಯಿಬಿಟ್ಟ.

"ಮುಂದಿನ ಸಲ ನಿಂದೇ ಕಣಯ್ಯಾ. ಬಾಯಿ ಮುಚ್ಕೊಂಡಿರು," ಎಂದರು ಸಾಹೇಬರು.

"ಸರತಿ ಅಕ್ಕಂದು ಸಾರ್. ಅವರ ತಲೆ ಮೇಲೆ ಕಾಲಿಟ್ಟು ಹತ್ತೋಕೆ ನನಗೆ ಬರಲ್ಲ."

ಮೇಲ್ಮನವಿ ಬರೆದ. ಕೆಲಸ ಹೋದೀತೆಂದು ಅಕ್ಕನೇ ಸಹಿ ಹಾಕಲಿಲ್ಲ. ಉಳಿದವರು ಚಾವಣಿ ನೋಡಿದರು.

ಸಾಹೇಬರು ನಕ್ಕರು. "ನೀನೊಬ್ನೇ. ಇದ್ಯಾರಯ್ಯಾ ಇತರರು?"

"ಜಾಗ ಬಿಟ್ಟಿದೀನಿ ಸಾರ್. ಬರ್ತಾರೆ."

*

"ಇತರರು ಯಾರಿದ್ದೀರಿ?" ಪೋಸ್ಟ್‌ಮ್ಯಾನ್ ಗಟ್ಟಿಯಾಗಿ ಕೇಳಿದ.

ಅಕ್ಕ ಮುಂದೆ ಬಂದಳು.

"ನಾನು. ಆರು ವರ್ಷ ತಡ ಆಯ್ತು, ಆದ್ರೂ ನಾನೇ."

ರಸೀದಿ ಚೀಟಿಗೆ ಸಹಿ ಹಾಕಿ ಲಕೋಟೆ ಒಡೆದಳು. ಓದುತ್ತ ಓದುತ್ತ ದನಿ ಏರಿತು: ಅವಳನ್ನು ದಾಟಿಸಿದ್ದು ತಪ್ಪು, ಅಂದಿನಿಂದಲೇ ಅವಳು ಸೂಪರ್‌ವೈಸರ್, ಇನ್ನು ಮುಂದೆ ಸೇವಾ ಹಿರಿತನದ ಪಟ್ಟಿ ಸಾಹೇಬರ ಡ್ರಾಯರಿನಲ್ಲಲ್ಲ, ಪ್ರತಿ ಕಚೇರಿಯ ಗೋಡೆಯ ಮೇಲಿರಬೇಕು.

"ಅಯ್ಯೋ, ನಾಳೆಯಿಂದ ಅಕ್ಕನ ಹತ್ರ ಬೈಸ್ಕೋಬೇಕಲ್ರಪ್ಪಾ!" ಎಂದ ಮುದ್ರೆ ಒತ್ತುವವನು.

"ನಾಳೆ ಯಾಕೆ? ನೆಟ್ಟಗೆ ನಿಂತ್ಕೊಳ್ಳೋ ಈಗ್ಲೇ!"

ಮೊದಲು ನಕ್ಕವಳು ಹೆಂಡತಿ. ಆಮೇಲೆ ಯಾರಿಗೂ ತಡೆದುಕೊಳ್ಳಲಾಗಲಿಲ್ಲ.

"ನಂದೂ ಒಂದು ಸಹಿ ಇರ್ಲಿ," ಎಂದು ಮುದ್ರೆಯವನು ಪೆನ್ನು ಕಸಿದುಕೊಂಡ. ಅವನ ಹಿಂದೆ ಅಂಚೆಚೀಟಿ ಮಾರುವವಳು, ಅವಳ ಹಿಂದೆ ವ್ಯಾನ್ ಡ್ರೈವರ್.

"ಒಂದೇ ಸಾಕ್ರೋ, ರೂಲ್ ಪ್ರಕಾರ ಒಂದೇ ಸಾಕು!" ಪೋಸ್ಟ್‌ಮ್ಯಾನ್ ಕೂಗುತ್ತಲೇ ಇದ್ದ.

ಒಂದೇ ಸಹಿಗೆ ಗೆರೆಯಿದ್ದ ಚೀಟಿಯ ಅಂಚುಗಳೆಲ್ಲ ತುಂಬಿದವು. ಕೊನೆಗೆ ಪೋಸ್ಟ್‌ಮ್ಯಾನೇ ಅದನ್ನು ಶವವಾಹನದ ಬಾಗಿಲಿಗೆ ಒತ್ತಿಹಿಡಿದು, ಮಗುಚಿ, ಹಿಂಬದಿಯಲ್ಲಿ ತನ್ನ ಹೆಸರನ್ನು ದಪ್ಪಗೆ ಬರೆದ.