ಸೆಂಜಿ ಕೋಟೆಯ ಕೆಳಗೆ

ಮತ್ತೆ ಬಂತು ಈ ಕೋತಿ, ಪುಳಿಯೋಗರೆ ಚೀಲದ ಮೇಲೇ ಕಣ್ಣು, ಹಚಾ, ಹೋಗತ್ತ — ಹೋಗಲ್ಲ, ಮಂಟಪದ ಕಂಬಕ್ಕೊರಗಿ ಕೂತು ನನ್ನನ್ನೇ ನೋಡುತ್ತಿದೆ, ಇವಳೊಬ್ಬಳೇ ಇಲ್ಲೇಕೆ ಅಂತಲೋ ಏನೋ, ನಾನೂ ಅದನ್ನೇ ಕೇಳ್ತಿದೀನಿ ಕಣೋ, ಹುಟ್ಟುಹಬ್ಬ ಯಾರದು, ಕೋಟೆ ಹತ್ತುತ್ತಿರುವವರು ಯಾರು. ಅಮ್ಮಾ ಅರವತ್ತು ತುಂಬ್ತಲ್ಲ, ಏನ್ ಕೊಡಿಸ್ಲಿ ಅಂದವನು ನಿಶಾಂತನೇ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ, ಸೀರೆ ಬೇಡಪ್ಪಾ, ಸೆಂಜಿ ಕೋಟೆ ಹತ್ತಬೇಕು, ತುದೀಲಿ ನಿಂತು ಒಂದ್ಸಲ ನೋಡ್ಬೇಕು ಅಂದೆ, ಅಯ್ಯೋ ಅಷ್ಟೇನಾ ಅಂದ, ಅಡ್ಯಾರಿನ ಮನೆಯಿಂದ ಕೋಳಿ ಕೂಗುವ ಮುಂಚೆ ಹೊರಟೆವು, ತಿಂಡಿವನಂ ದಾಟಿದ ಮೇಲೆ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಆ ಬೆಟ್ಟ ಕಂಡಿತು ನೋಡಿ, ಮೈಸೂರಿನಲ್ಲಿ ಬಿ.ಎ. ಇತಿಹಾಸ ಓದಿದವಳು ನಾನು, ಮದುವೆಯಾಗಿ ಮದ್ರಾಸಿಗೆ ಬಂದಾಗಿನಿಂದ ಈ ಕೋಟೆ ಕೋಟೆ ಅಂತ ಜಪಿಸಿದವಳು — ಕಾರಿನಿಂದ ಇಳಿದಿದ್ದೇ ತಡ ಇವರು, ರತ್ನಾ, ನೀನು ಇಲ್ಲೇ ಚೀಲ ನೋಡ್ಕೊಂಡು ಕೂತಿರು, ಕಾರಲ್ಲಿಟ್ರೆ ಗಾಜು ಒಡೀತಾರೆ, ಮೇಲಕ್ಕೆ ತಗೊಂಡ್ಹೋದ್ರೆ ಕೋತಿ ಬಿಡಲ್ಲ, ಹೇಗೂ ನಿಂಗೆ ಮಂಡಿ ನೋವು. ಮಂಡಿ ನೋವು ನನಗಾ! ರಾತ್ರಿಯಾದರೆ ಎಣ್ಣೆ ತಿಕ್ಕಿಸಿಕೊಳ್ಳುವವರು ಯಾರು, ಅಯ್ಯಪ್ಪಾ ಅಂತ ಸೋಫಾ ಹಿಡಿದು ಏಳುವವರು ಯಾರು, ವಿಷ್ಣುಮೂರ್ತಿಯವರೇ, ಮಂಡಿ ನಿಮ್ಮದು, ನೋವು ನಿಮ್ಮದು, ಕೂರುವವಳು ಮಾತ್ರ ನಾನು. ಮಗನಾದರೂ ನನ್ನ ಪರ ಬಾಯಿ ಬಿಟ್ಟನೇ, ಹೌದಮ್ಮಾ ಬಿಸಿಲು ಬೇರೆ, ಫೋಟೋ ತೆಗೊಂಡು ಬರ್ತೀನಿ ಬಿಡು ಅಂದ, ಮೊಮ್ಮಕ್ಕಳಿಬ್ಬರನ್ನೂ, ಮೌನಾಳನ್ನೂ ಅವಳ ತಮ್ಮ ಸುಘೋಷನನ್ನೂ, ಕರೆದುಕೊಂಡು ಹೊರಟೇಬಿಟ್ಟರು.

ಫೋಟೋ ಅಂತೆ ಫೋಟೋ, ನನ್ನ ಜನ್ಮವೆಲ್ಲ ಬೇರೆಯವರು ನೋಡಿ ಬಂದು ಹೇಳಿದ್ದೇ ಆಯಿತು, ಮಹಾಬಲಿಪುರದಲ್ಲಿ ಚಪ್ಪಲಿ ಕಾಯ್ದೆ, ಎಗ್ಮೋರಿನ ಮ್ಯೂಸಿಯಂ ಹೊರಗೆ ಮರದ ಕೆಳಗೆ ಟಿಫನ್ ಕ್ಯಾರಿಯರ್ ಕಾಯ್ದೆ, ಒಳಗೆ ಕಂಚಿನ ನಟರಾಜ ಹೇಗಿದಾನ್ರೀ ಅಂದರೆ ಚೆನ್ನಾಗಿದಾನೆ ಕಣೇ ಅಂದರು, ಮುಗಿಯಿತು, ಒಡಹುಟ್ಟಿದ ತಂಗಿಯ ಧಾರೆಯ ಹೊತ್ತಿಗೆ ನಾನು ಛತ್ರದ ರೂಮಿನಲ್ಲಿ ಒಡವೆ ಪೆಟ್ಟಿಗೆಯ ಪಕ್ಕ ಕೂತಿದ್ದೆ, ಓಲಗದ ಸದ್ದು ಕೇಳಿಯೇ ಅಕ್ಷತೆಯನ್ನು ಗೋಡೆಯ ಕಡೆಗೆ ಹಾಕಿದೆ, ಅಯ್ಯೋ ನೆನೆಸಿಕೊಂಡರೆ ಮೈ ಉರಿಯುತ್ತದೆ, ಮನೆಯವರೆಲ್ಲ ಹೊರಗೆ ಹೊರಟರೆ ಒಬ್ಬರು ಸಾಮಾನು ಕಾಯಬೇಕು, ಆ ಒಬ್ಬರು ನಾನೇ ಆಗಬೇಕು, ಯಾವ ಶಾಸ್ತ್ರದಲ್ಲಿದೆ ಇದು — ಯಾರೋ ಕಾಲೇಜು ಹುಡುಗಿಯರು ನಗುತ್ತಾ ಬಂದರು, ಪಾಟ್ಟಿ, ನೀಂಗ ಮೇಲ ವರಲಿಯಾ, ಅಜ್ಜಿ ನೀವು ಮೇಲೆ ಬರಲ್ವಾ ಅಂತ ತಮಿಳಿನಲ್ಲಿ, ಬ್ಯಾಗ್ ಇರುಕ್ಕು ಮಾ ಅಂದೆ ನಾನು, ಬ್ಯಾಗ್ ಇದೆ ಅಂತೆ, ಥೂ, ನನ್ನ ಬಾಯಿಗಿಷ್ಟು, ಬ್ಯಾಗ್ ಇದೆ, ಹಾಗಾದರೆ ನಾನಿಲ್ಲವೇ! ಎದ್ದೆ. ಡಬ್ಬಿಯ ಮುಚ್ಚಳ ನಾನೇ ತೆಗೆದೆ, ತಗೊಳ್ಳಪ್ಪಾ, ಹೊಟ್ಟೆ ತುಂಬಾ ತಿನ್ನು, ಬುತ್ತಿ ಎಲ್ಲಿ ಅಂತ ಕೇಳಿದರೆ ಕೋತಿಯನ್ನು ಕೇಳಿ ಅನ್ನುತ್ತೇನೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೆ.

ಹತ್ತುತ್ತಿದ್ದೇನೆ, ಕಲ್ಲು ಕಾದ ಕಾವಲಿ, ಸುಡಲಿ, ಕುಸಿದ ಗೋಡೆಯ ಸಂದಿಯಲ್ಲಿ ಆಲದ ಬೇರು, ಎಷ್ಟು ಚೆಂದ, ಇದನ್ನು ನಾನು ನೋಡುತ್ತಿದ್ದೇನೆ, ನಾನೇ, ಯಾರೂ ಬಂದು ಹೇಳಬೇಕಿಲ್ಲ, ಉಸಿರು ಕಟ್ಟುತ್ತಿದೆ, ಮಂಡಿ ಗಟ್ಟಿಮುಟ್ಟಾಗಿದೆ ಸ್ವಾಮೀ, ಬಂದು ನೋಡಿ, ಮೇಲೆ ಹೋಗಿ ಅವರ ಮುಂದೆ ನಿಲ್ಲುತ್ತೇನೆ, ಮುಖ ನೋಡಬೇಕು ಆಗ — ಮುರುಕು ಬಾಗಿಲವಾಡದ ನೆರಳಿನಲ್ಲಿ ಯಾರದು, ನಮ್ಮ ಮೌನಾ, ಹತ್ತು ವರ್ಷದ ಕೂಸು ಒಂಟಿಯಾಗಿ ಮೆಟ್ಟಿಲ ಮೇಲೆ, ಸುತ್ತ ತಮ್ಮನ ಬ್ಯಾಟು, ಅಪ್ಪನ ಕ್ಯಾಮೆರಾ ಬ್ಯಾಗು, ತಾತನ ಕೊಡೆ. ಏನೇ ಪುಟ್ಟಿ, ಅವರೆಲ್ಲ ಎಲ್ಲೇ? ಮೇಲ ಪೋಯಿಟ್ಟಾಂಗ ಪಾಟ್ಟಿ, ತಾತಾ ಎನ್ನೆ ಪಾತ್ತುಕ್ಕ ಸೊನ್ನಾರು. ಎಲ್ಲರೂ ಮೇಲೆ ಹೋದರಂತೆ, ಇವಳಿಗೆ ನೋಡಿಕೋ ಅಂದರಂತೆ ತಾತ. ಇವಳಿಗಿಂತ ಚಿಕ್ಕವನು ಮೇಲೆ ಗಾಳಿ ಕುಡಿಯುತ್ತಿದ್ದಾನೆ, ಇವಳು ನೋಡಿಕೊಳ್ಳಬೇಕಂತೆ, ಅಯ್ಯೋ ನಿಮ್ಮ ಮನೆ ಹಾಳಾಗ, ನನ್ನದೊಂದು ಜೀವ ಸಾಲದೇ ಹೋಯಿತೇ ನಿಮಗೆ! ಏಳು ಮಗೂ, ಬಿಸಾಕು, ಇಬ್ಬರೂ ತುದಿಗೆ ಹೋಗೋಣ. ಮಾಟ್ಟೇನ್ ಪಾಟ್ಟಿ, ಬರಲ್ಲ ಅನ್ನುತ್ತಾಳೆ, ನೀ ಪೋ, ನಾನ್ ಪಾತ್ತುಕ್ಕರೇನ್ — ನೀನು ಹೋಗು, ನಾನು ನೋಡಿಕೊಳ್ಳುತ್ತೇನೆ — ನಗುತ್ತಾ ಅನ್ನುತ್ತಾಳೆ, ದೊಡ್ಡವಳ ಹಾಗೆ, ಕ್ಯಾಮೆರಾ ಬ್ಯಾಗಿನ ಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಬಿಗಿಯಾಗಿ ಸುತ್ತಿಕೊಂಡಿದ್ದಾಳೆ, ಯಾರೂ ಎಳೆದುಕೊಂಡು ಹೋಗದ ಹಾಗೆ, ಯಾರು ಹೇಳಿಕೊಟ್ಟರೇ ಇದನ್ನು, ಯಾರೂ ಇಲ್ಲ, ನೋಡಿ ಕಲಿತಿದೆ ಕೂಸು, ನಾನು ಒಂದು ಸುತ್ತು ಬಿಚ್ಚಿದೆ, ಅವಳು ಮತ್ತೆ ಸುತ್ತಿಕೊಂಡಳು, ಮೇಲಿನಿಂದ ಸುಘೋಷನ ಕೇಕೆ, ಇವರ ನಗು, ಬಿಡೇ ನನ್ನಮ್ಮಾ, ಬಿಚ್ಚುತ್ತೇನೆ, ಸುತ್ತಿಕೊಳ್ಳುತ್ತಾಳೆ, ಆ ಎಳೇ ಮಣಿಕಟ್ಟು, ಕಪ್ಪು ಪಟ್ಟಿ, ಅದರಡಿ ಚರ್ಮ ಕೆಂಪಗೆ, ಬಿಚ್ಚುತ್ತೇನೆ, ಸುತ್ತಿಕೊಳ್ಳುತ್ತಾಳೆ