ಗುಡ್ಡದಾಗ ಗಟ್ಟಿಯಾಗಿ ಮಾತಾಡ್ರಿ

ಸೀತಾಫಲ ಕಣ್ಣು ಬಿಟ್ಟಿತೆಂದರೆ ಶಹಾಪುರದ ಹತ್ತಿರದ ಸಗರ ಊರಿನ ಹೆಂಗಸರು ಬಾಯಿ ಮುಚ್ಚುತ್ತಿದ್ದರು. ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳ ಮಾತು ಇದು. ಗುಡ್ಡಕ್ಕೆ ಹೊರಟವರು ನಸುಕಿನಲ್ಲೇ ಬುಟ್ಟಿ ಎತ್ತಿಕೊಂಡು, ಸದ್ದಾಗದಂತೆ ಬಳೆಗಳಿಗೆ ಅರಿವೆ ಸುತ್ತಿ, ಕಳ್ಳರ ಹಾಗೆ ಏರುತ್ತಿದ್ದರು. ಸದ್ದಾದರೆ ಅಡವಿ ಕಾಯುವ ಜಂಗ್ಲಾತ್ ಚೌಕೀದಾರನಿಗೆ ಕೇಳಿಸೀತು. ಗುಡ್ಡದಾಚೆಯ ಊರಿನವರಿಗೆ ಕೇಳಿಸಿದರಂತೂ ಒಳ್ಳೆಯ ಗಿಡಗಳ ಗುರುತೇ ಸಿಕ್ಕೀತು.

ಒಂದು ವರ್ಷ ಆ ಮೌನದಲ್ಲಿಯೇ ಲಾಲಮ್ಮ ಎಂಬವಳು ಸತ್ತಳು. ಕೊರಕಲಿನ ತಿರುವಿನಲ್ಲಿ ಕರಡಿ ಹಣ್ಣು ತಿನ್ನುತ್ತಿತ್ತು. ಮೈಗೆ ಮೈ ತಾಗುವಷ್ಟು ಹತ್ತಿರವಾಗುವ ತನಕ ಅದು ಇರುವುದು ಅವಳಿಗೆ ಗೊತ್ತಾಗಲಿಲ್ಲ; ಅವಳು ಬಂದದ್ದು ಅದಕ್ಕೂ ಗೊತ್ತಾಗಲಿಲ್ಲ. ಬೆಚ್ಚಿದ ಕರಡಿ ಮೈಮೇಲೆ ಬಿತ್ತು. ಬಂಡಿ ಶಹಾಪುರದ ದವಾಖಾನೆ ಮುಟ್ಟುವ ಮೊದಲೇ ಉಸಿರು ನಿಂತಿತು. ಬಂಡಿಯಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವನು ನೆರೆಮನೆಯ ದೇವಿಂದ್ರ. ‘ಗುಡ್ಡದವ್ವ ಮುನದಾಳ’ ಎಂದು ಊರವರು ಕಾಯಿ ಒಡೆದು ಸುಮ್ಮನಾದರು. ದೇವಿಂದ್ರ ಮಾತ್ರ ಸುಮ್ಮನಾಗಲಾರದೆ ಸುರಪುರದ ಹಾದಿ ಹಿಡಿದ.

ಸುರಪುರದಲ್ಲಿ ಸರದಾರಸಾಬರಿದ್ದರು. ಹರೆಯದಲ್ಲಿ ರೈಲು ಹಾದಿ ಹಾಕುವ ಕೂಲಿಯಾಗಿ ಹಡಗೇರಿ ಆಫ್ರಿಕಾಕ್ಕೆ ಹೋದವರು, ಅಲ್ಲಿ ಆನೆ ಸಿಂಹಗಳ ಬಯಲಿನಲ್ಲಿ ಮಂದಿಯನ್ನು ನಡೆಸಿಕೊಂಡು ಹೋಗುವ ದಾರಿಗಾರರಾಗಿ ಬಹುಕಾಲ ದುಡಿದು ಮರಳಿದ್ದರು.

“ಬಂದೂಕ ಯಾವಾಗ ಕೊಡ್ತೀರಿ, ಚಾಚಾ?” ಎಂದು ದೇವಿಂದ್ರ ಮೊದಲ ದಿನವೇ ಕೇಳಿದ.

“ಬಂದೂಕ ಯಾಕೋ ಬೇಟಾ? ಹೊಡಿಯೋದು ಶಿಕಾರಿ ಕೆಲಸ. ಮಂದೀನ ಮನಿ ಮುಟ್ಟಸೋದು ದಾರಿಗಾರನ ಕೆಲಸ. ಹೋದವರೆಲ್ಲಾ ತಿರುಗಿ ಬಂದ್ರ ನೀ ಉಸ್ತಾದ. ಒಬ್ಬರು ಕಮ್ಮಿ ಆದ್ರೂ ನೀ ಕಲತ ಇಲ್ಮು ಮಣ್ಣಿಗಿ ಹೋತು.”

ಬೇಸಿಗೆಯುದ್ದಕ್ಕೂ ಅವರು ಅವನನ್ನು ಕಲ್ಲುಗುಡ್ಡಗಳಲ್ಲಿ ನಡೆಸಿದರು. ಮಣ್ಣು ತೂರಿ ಗಾಳಿ ಯಾವ ಕಡೆಯದೆಂದು ನೋಡುವುದನ್ನು, ಗೆದ್ದಲಿಗಾಗಿ ಕರಡಿ ಅಗೆದ ಹುತ್ತ ಹಸಿಯೋ ಹಳೆಯದೋ ಎಂದು ಬೆರಳಿಂದ ಅರಿಯುವುದನ್ನು ಕಲಿಸಿದರು. ಒಮ್ಮೆ ಅವನು ಕರಡಿಯ ಹೆಜ್ಜೆ ಹಿಡಿದು ಹುರುಪಿನಿಂದ ಬಹುದೂರ ಹೋಗಿ ಹೊರಳಿ ನೋಡಿದರೆ ಮುದುಕರೇ ಇಲ್ಲ! ಗಾಬರಿಯಾಗಿ ಬಂದ ಹಾದಿಯಲ್ಲೇ ಓಡಿದ. ಅವರು ಒಂದು ಗಿಡದ ನೆರಳಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

“ಶಾಬಾಸ್! ಜನಾವರ ಹುಡುಕ್ದಿ, ನನ್ನ ಕಳಕೊಂಡಿ,” ಎಂದರು. ಬಳಿಕ ನಗೆ ಬಿಟ್ಟು ಹೇಳಿದರು: “ಕರಡಿ ಕಣ್ಣು ಮಂದ. ತಿನ್ನಾಕತ್ತಿದ್ರ ಅದಕ್ಕ ಬ್ಯಾರೆ ಖಬರ ಇರಂಗಿಲ್ಲ. ಸುಮ್ಮ ಹೋಗಿ ಬೆಚ್ಚಿಸಿದ್ರ ಓಡಂಗಿಲ್ಲ, ಮೈಮ್ಯಾಲ ಬರ್ತದ. ದೂರದಿಂದ ಮನಷ್ಯಾನ ದನಿ ಕೇಳಿದ್ರ ತಾನೇ ಸರೀತದ. ಅದಕ್ಕ ಜಗಳ ಬ್ಯಾಡ ಬೇಟಾ, ಬರಾಕತ್ತೀರಿ ಅನ್ನೋ ಸುದ್ದಿ ಬೇಕು.”

ಹಣ್ಣಿನ ಕಾಲಕ್ಕೆ ದೇವಿಂದ್ರ ಊರಿಗೆ ಮರಳಿದ. ಹೆಂಗಸರ ಸಾಲಿಗೆ ತಾನು ಮುಂದೆ ನಡೆಯುವ ಮಾತನ್ನು ಮನೆಯಲ್ಲಿ ಎತ್ತಿದ್ದೇ ತಡ, ತಾಯಿ ಸಾಯಬಮ್ಮ ಸೆರಗು ಕೊಡವಿ ನಿಂತಳು.

“ನಾ ಈ ಗುಡ್ಡ ಏರಾಕತ್ತಾಗ ನೀ ಹುಟ್ಟೇ ಇದ್ದಿಲ್ಲ. ಈಗ ನೀ ನನಗ ಹಾದಿ ತೋರಸ್ತೀಯೇನು?”

“ಹಾದಿ ನಿನಗ ಗೊತ್ತದ ಯವ್ವ. ಹಾದ್ಯಾಗ ಯಾರದಾರ ಅನ್ನೋದು ನಾ ನೋಡ್ತೀನಿ. ಎಲ್ಲಾರೂ ಕೂಡಿ ಹೋಗಣ, ಗಟ್ಟಿಯಾಗಿ ಮಾತಾಡ್ಕೋತ ಹೋಗಣ.”

“ಮಾತಾಡ್ಕೋತ? ಹಲಗಿ ಬಡಸ್ಕೋತ ಹೋಗಣ, ಬಾ! ಚೌಕೀದಾರ ಬಂದು ಹಾರ ಹಾಕ್ತಾನ.”

ತಂದೆ ದ್ಯಾವಪ್ಪ ಜಗುಲಿಯಿಂದಲೇ ದನಿಗೂಡಿಸಿದ: “ಆಫ್ರಿಕಾದ ಇಲ್ಮು ಸಗರದಾಗ ನಡಿಯಂಗಿಲ್ಲೋ ತಮ್ಮಾ.”

“ಜಂಗ್ಲಾತ್ ಕಚೇರಿಗಿ ಹೋಗಿ ಪರವಾನಗಿ ತಂದೀನಿ. ಇನ್ನ ಚೌಕೀದಾರಗ ಅಂಜೋದು ಏನದ? ಕದ್ದು ಹೋಗೋರು ಒದರಾಕ ಆಗಂಗಿಲ್ಲ. ಕೇಳಿ ಹೋದ್ರ ಆಗ್ತದ.”

ಆ ಹೊತ್ತಿಗೆ ಬಾಗಿಲಲ್ಲಿ ಗುರುಲಿಂಗಮ್ಮ ಬಂದು ನಿಂತಿದ್ದಳು. ಅವಳು ಲಾಲಮ್ಮನ ಅತ್ತೆ. “ನಾ ಬರ್ತೀನಿ, ದೇವಿಂದ್ರ,” ಎಂದಳು, ಅಷ್ಟೇ. ಸಾಯಬಮ್ಮ ಅವಳ ಮುಖ ನೋಡಿ ತನ್ನ ಬುಟ್ಟಿಯನ್ನೂ ತೆಗೆದಿಟ್ಟಳು.

ಮರುದಿನ ಬಿಸಿಲು ಬಿದ್ದ ಮೇಲೆ ಸಾಲು ಹೊರಟಿತು. ಮುಂದೆ ದೇವಿಂದ್ರ, ಎಲ್ಲರ ಹಿಂದೆ ಗುರುಲಿಂಗಮ್ಮ. ತಿರುವು ಬಂದಾಗಲೆಲ್ಲ ಅವನು ಕೋಲಿನಿಂದ ಬಂಡೆ ಬಡಿದು ‘ಹೋಯ್’ ಎನ್ನುತ್ತಿದ್ದ. ಹೆಂಗಸರು ನಾಚಿಕೊಂಡು ಪಿಸುಗುಟ್ಟುತ್ತಿದ್ದರು. ಇಷ್ಟು ವರ್ಷದ ರೂಢಿ ಅದು.

ಕೊರಕಲಿನ ಬಾಯಿಗೆ ಬಂದಾಗ ಅವನ ಕಾಲು ನಿಂತವು. ಹುತ್ತವನ್ನು ಅಗೆದ ಮಣ್ಣು ಇನ್ನೂ ಹಸಿಯಾಗಿತ್ತು. ಪಕ್ಕದಲ್ಲಿ ಸೀಳಿದ ಸೀತಾಫಲದ ಸಿಪ್ಪೆಗೆ ಇರುವೆಯೂ ಮುತ್ತಿರಲಿಲ್ಲ. ಹುಡಿಯಲ್ಲಿ ಮನುಷ್ಯರ ಅಂಗಾಲಿನಂಥ ಹೆಜ್ಜೆ, ಮುಂದೆ ಉಗುರಿನ ಗೀರು. ಅದರ ಮಗ್ಗುಲಲ್ಲಿ ಅಂಥದ್ದೇ ಪುಟ್ಟ ಹೆಜ್ಜೆ. ಒಂದು ಚಿಟಿಕೆ ಮಣ್ಣು ತೂರಿದ. ಅದು ಅವನ ಮೋರೆಗೇ ಬಂತು. ಗಾಳಿ ಕೊರಕಲಿನಿಂದ ಇತ್ತ ಬೀಸುತ್ತಿತ್ತು. ಒಳಗಿರುವ ಜೀವಕ್ಕೆ ಇವರ ವಾಸನೆ ಸಿಗುವಂತಿರಲಿಲ್ಲ.

“ಹಿಂದಕ್ಕ ಹೊಳ್ರಿ. ಮರಿ ಇದ್ದ ತಾಯಿ ಅದ. ಎಲ್ಲಾರೂ ಆ ಬಯಲಾಗಿನ ಬಂಡೆ ಮ್ಯಾಲ ಕೂಡಿ ನಿಲ್ರಿ.”

“ಎದುರಿಗಿ ಹಣ್ಣಿನ ಭಾರಕ್ಕ ಗಿಡ ಬಾಗ್ಯಾವ. ಬರಿಗೈಲೆ ಹೋಗಬೇಕ?” ಸಾಯಬಮ್ಮ ಗೊಣಗಿದಳು.

ಹೆಂಗಸರು ಬಂಡೆಯ ಮೇಲೆ ಸೇರಿದರು. ದೇವಿಂದ್ರ ಕೊನೆಯವನಾಗಿ ಏರಿ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದ. ಒಂದು ಮುಖ ಇರಲಿಲ್ಲ.

“ಅವ್ವ ಎಲ್ಲಿ?”

ಸಾಯಬಮ್ಮ ಕಲ್ಲುಗಳ ಮರೆಯಲ್ಲಿ ಸದ್ದಿಲ್ಲದೆ ಕೊರಕಲಿಗೆ ಇಳಿದಿದ್ದಳು. ಅವಳ ಹಸಿರು ಸೆರಗು ಗಿಡಗಳ ನಡುವೆ ಸರಿಯುತ್ತಿತ್ತು. ಅದರಾಚೆಯ ಪೊದೆಯಲ್ಲಿ ಕಪ್ಪಗಿನದೇನೋ ಅಲುಗಿತು. ನಡುವೆ ಒಂದೇ ಬಂಡೆ.

ದೇವಿಂದ್ರನ ಕಾಲು ತಾನೇ ಮುಂದಾಯಿತು. ಅವನ ಬೆನ್ನಿಗೆ ಮೂರು ನಾಲ್ಕು ಹೆಂಗಸರೂ ಇಳಿಯತೊಡಗಿದರು. ಆ ಸಪ್ಪಳ ಕಿವಿಗೆ ಬಿದ್ದದ್ದೇ ಅವನು ನಿಂತುಬಿಟ್ಟ. ತಾನು ಓಡಿದರೆ ಸಾಲೆಲ್ಲ ಬೆನ್ನು ಹತ್ತುತ್ತದೆ. ಕೊರಕಲಿನೊಳಗೆ ಒಬ್ಬಳ ಜಾಗದಲ್ಲಿ ಹತ್ತಾರು ಜನ ಸಿಗುತ್ತಾರೆ. ಹೆತ್ತವಳು ಅಲ್ಲಿ. ನಂಬಿ ಬಂದವರು ಇಲ್ಲಿ. ಅವನು ಇಳಿದವರನ್ನೂ ತಿರುಗಿಸಿಕೊಂಡು ಬಂಡೆಗೆ ಮರಳಿದ.

“ಒದರ್ರಿ! ಎಲ್ಲಾರೂ ಒದರ್ರಿ!”

ಯಾರ ಬಾಯಿಂದಲೂ ದನಿ ಬರಲಿಲ್ಲ. ಹಸಿರು ಸೆರಗು ಇನ್ನೊಂದು ಹೆಜ್ಜೆ ಮುಂದೆ ಹೋಯಿತು.

“ಸಾಯಬಕ್ಕಾ!”

ಗುರುಲಿಂಗಮ್ಮನ ಕೂಗು ಕೊರಕಲಿನಲ್ಲಿ ಸಿಡಿಯಿತು. ಆ ದನಿಗೆ ಉಳಿದವರ ದನಿ ಹರಿದುಕೊಂಡು ಬಂತು. ಬುಟ್ಟಿ ಬಡಿದರು, ಕಲ್ಲು ಬಡಿದರು.

ಕೊರಕಲಿನೊಳಗಿನ ಬಂಡೆಯಾಚೆ ಕರಡಿ ಎರಡು ಕಾಲ ಮೇಲೆ ಎದ್ದು ನಿಂತಿತು. ಸಾಯಬಮ್ಮ ಆಗಲೇ ಅದನ್ನು ಕಂಡದ್ದು. ಬುಟ್ಟಿ ಕೈಜಾರಿತು. ಅವಳು ಓಡಲು ತಿರುಗಬೇಕು, ಅಷ್ಟರಲ್ಲಿ ಮಗನ ದನಿ ಬಂತು:

“ಯವ್ವ, ಓಡಬ್ಯಾಡ! ಮಾರಿ ಅದರ ಕಡಿಗೇ ಇರಲಿ. ಹಿಂದಹಿಂದಕ ಬಾ. ನಾ ಅದೀನಿ, ನನ್ನ ದನಿ ಹಿಡದು ಬಾ.”

ಸಾಯಬಮ್ಮ ಒಂದು ಹೆಜ್ಜೆ ಹಿಂದಿಟ್ಟಳು. ಇನ್ನೊಂದು. ಕಲ್ಲು ಎಡವಿ ಬೀಳುವಂತಾಗಿ ಸಾವರಿಸಿದಳು. ಕರಡಿ ಮೂತಿ ಎತ್ತಿ ಆ ಗದ್ದಲವನ್ನು ಆಲಿಸಿತು. ಮೆಲ್ಲಗೆ ನಾಲ್ಕೂ ಕಾಲಿಗೆ ಇಳಿಯಿತು. ಪೊದೆಯಿಂದ ಮರಿ ಓಡಿಬಂದು ಅದರ ಬೆನ್ನಿನ ಕೂದಲು ಹಿಡಿದು ಏರಿತು. ಮರಿಯನ್ನು ಹೊತ್ತುಕೊಂಡು ಆ ತಾಯಿ ಕೊರಕಲಿನ ಆಳಕ್ಕೆ ಇಳಿದು ಹೋಯಿತು.

ಸಾಯಬಮ್ಮ ಹೆಂಗಸರು ನಿಂತ ಬಂಡೆ ಮುಟ್ಟಿದಳು. ಮುಟ್ಟಿದವಳೇ ಮಗನ ಎದೆಗೆ ಕೈಯಿಂದ ಗುದ್ದಿದಳು. “ಹಡದಾಕಿ ಸಾಯಾಕತ್ತಿದ್ರ ನೀ ನಿಂತಲ್ಲೇ ನಿಂತು ಒದರ್ತಿ! ಯಾಕ ಬರಲಿಲ್ಲೋ?”

“ನಾ ಬಂದಿದ್ರ ಇವರೂ ಬರ್ತಿದ್ರು ಯವ್ವ.” ಸಾಯಬಮ್ಮ ಅವನ ಕೈ ಹಿಡಿದುಕೊಂಡಳು.

ಮನೆಯ ಜಗುಲಿಯಲ್ಲಿ ದ್ಯಾವಪ್ಪ ಕಾಯುತ್ತಿದ್ದ. “ಬುಟ್ಟಿ ಎಲ್ಲಿ? ಬರಿಗೈಲೆ ಬಂದ್ರೇನು? ಏನ್ ತಂದಾನ ನಿನ್ನ ದಾರಿಗಾರ?”

“ನನ್ನ ತಂದಾನ,” ಎಂದಳು ಸಾಯಬಮ್ಮ.

ಗುಡ್ಡದಲ್ಲಿ ನಡೆದುದನ್ನೆಲ್ಲ ಹೆಂಡತಿಯ ಬಾಯಿಂದ ಕೇಳಿದ ದ್ಯಾವಪ್ಪ ಎದ್ದು ಮಗನ ಪಕ್ಕಕ್ಕೆ ಬಂದು ಕುಳಿತ. “ನಾಳಿ ನಾನೂ ಬರ್ತೀನಿ. ಒದರಾಕ ಗಂಡಸರ ಗಂಟಲೂ ಇರಲಿ.”

“ಗುಡ್ಡದಾಚಿ ಊರವರಿಗೂ ಹೇಳಿ ಕಳಸು. ಕೂಡೇ ಹೋಗಣ,” ಎಂದಳು ಸಾಯಬಮ್ಮ.

“ಅವರಿಗ್ಯಾಕ? ಗಿಡದ ಗುರ್ತು ಹತ್ತಿದ್ರ?”

“ಹತ್ತಲಿ. ಹಣ್ಣು ಮುಂದಿನ ವರ್ಷ ಮತ್ತ ಬಿಡ್ತಾವ. ಲಾಲಮ್ಮ ಬರಂಗಿಲ್ಲ.”

ಅವರ ಜೊತೆಗೇ ಬಂದು ಬಾಗಿಲಲ್ಲಿ ಕುಳಿತಿದ್ದ ಗುರುಲಿಂಗಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಾಯಬಮ್ಮ ಹೋಗಿ ಅವಳ ಪಕ್ಕದಲ್ಲಿ ಕುಳಿತಳು.

ಗುಡ್ಡಕ್ಕೆ ಹಣ್ಣಿಗೆಂದು, ಕಟ್ಟಿಗೆಗೆಂದು ಹೋಗುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಊರಿನಲ್ಲೂ ಹೆಜ್ಜೆ ಓದಬಲ್ಲವರೊಬ್ಬರು ಇದ್ದಾರು. ಅವರನ್ನು ಮುಂದೆ ಇಟ್ಟುಕೊಂಡು, ಅರಣ್ಯ ಇಲಾಖೆಯ ಅಪ್ಪಣೆ ಪಡೆದು, ಗುಂಪಾಗಿ ಹೋಗಿರಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಹೋಗಬೇಡಿರಿ. ದಾರಿಯುದ್ದಕ್ಕೂ ಗಟ್ಟಿಯಾಗಿ ಮಾತನಾಡಿರಿ. ಕರಡಿ ಕಂಡರೆ ಓಡದೆ, ಅದರತ್ತ ಮುಖವಿಟ್ಟು ಮೆಲ್ಲಗೆ ಹಿಂದೆ ಸರಿಯಿರಿ. ಮೈಮೇಲೆ ಬಂದೇಬಿಟ್ಟರೆ ಬೋರಲು ಮಲಗಿ, ಎರಡೂ ಕೈಗಳಿಂದ ಕುತ್ತಿಗೆ ಮುಚ್ಚಿಕೊಳ್ಳಿರಿ. ಎಲ್ಲಕ್ಕಿಂತ ಮೊದಲಾಗಿ, ಮುಂದೆ ನಡೆಯುವವರು ‘ಹಿಂದಕ್ಕೆ’ ಎಂದ ದಿನ ಹಿಂದಕ್ಕೆ ಬನ್ನಿರಿ. ಬುಟ್ಟಿ ಬರಿದಾದರೆ ಇನ್ನೊಂದು ದಿನ ತುಂಬೀತು. ಮನೆ ಬರಿದಾದರೆ ತುಂಬುವುದಿಲ್ಲ.