ಅವಲಕ್ಕಿ ತಿಂದ ಉಪವಾಸ

ಸಾಲಿಗ್ರಾಮದ ಅಡುಗೆಯ ಶಾಮರಾಯರಿಗೆ ಮಲದಲ್ಲಿ ರಕ್ತ ಹೋಗತೊಡಗಿ ತಿಂಗಳುಗಳೇ ಆಗಿದ್ದವು. "ಮೂಲವ್ಯಾಧಿ. ಒಲೆ ಬುಡದಲ್ಲಿ ಇಪ್ಪವ್ರಿಗೆ ಇದ್ದದ್ದೇ" ಅಂತ ಸುವರ್ಣಗಡ್ಡೆ ಪಲ್ಯ ತಿಂದರು, ಮಜ್ಜಿಗೆ ಕುಡಿದರು. ರಕ್ತ ನಿಲ್ಲಲಿಲ್ಲ. ಹೆಂಡತಿ ಮೂಕಾಂಬಿಕಾಗೆ ಹೆದರಿಕೆ ಹತ್ತಿತು. ತಮ್ಮ ಅಪ್ಪಯ್ಯನೂ ಹೀಗೇ ದಿನ ದೂಡಿ ಕರುಳಿನ ಕ್ಯಾನ್ಸರಿನಲ್ಲಿ ಹೋದವರು. ಹಟ ಹಿಡಿದು ಗಂಡನನ್ನು ಕುಂದಾಪುರದ ಡಾಕ್ಟರಲ್ಲಿಗೆ ಕರೆದೊಯ್ದರು.

ಕೆಳಕರುಳಿನ ಪರೀಕ್ಷೆ, ಸಿಗ್ಮಾಯ್ಡೋಸ್ಕೋಪಿ ಮಾಡಿಸಬೇಕು ಅಂದರು ಡಾಕ್ಟರು. ಶಾಮರಾಯರ ತಂಗಿ ಮಗಳು ಶಾಂಭವಿ ಅಲ್ಲೇ ನರ್ಸು.

"ಆ ಜಾಗದಿಂದ ನಳಿಗೆ ಹಾಕ್ತ್ರ್ ಅಂಬ್ರ್. ನಾ ಹೋತಿಲ್ಲೆ" ಅಂದರು ಶಾಮರಾಯರು.

"ಮಾವಯ್ಯ, ಬೆರಳಷ್ಟು ದಪ್ಪದ, ಬಗ್ಗುವ ನಳಿಗೆ. ತುದಿಯಲ್ಲಿ ಕ್ಯಾಮೆರಾ. ಕರುಳಿನ ಕೆಳಭಾಗ ಪೂರ್ತಿ ಕಾಣತ್ತ್. ಸ್ವಲ್ಪ ಹೊಟ್ಟೆ ಉಬ್ಬಿದಂಗೆ, ಹಿಂಡಿದಂಗೆ ಆತ್ತ್, ಅಷ್ಟೇ. ಮೈಮೇಲೆ ಹೊದಿಕೆ ಇರತ್ತ್. ಹೊಟ್ಟೆ ಮಾತ್ರ ಖಾಲಿ ಇರ್ಕ್" ಅಂದಳು ಶಾಂಭವಿ.

"ಉಪವಾಸ ನಂಗೆ ಕಲ್ಸುದಾ? ಒಂದು ಏಕಾದಶಿ ಬಿಟ್ಟವ ಅಲ್ಲ ನಾನ್."

ಪರೀಕ್ಷೆಯ ದಿನ ಡಾಕ್ಟರು ಏನು ತಿಂದಿರಿ ಅಂತ ಕೇಳಿದರು. "ಅನ್ನ ಮುಟ್ಟಲಿಲ್ಲೆ. ಒಂದ್ ಬಟ್ಲು ಅವಲಕ್ಕಿ, ಬಾಳೆಹಣ್ಣ್" ಅಂದರು ಶಾಮರಾಯರು. ಪರೀಕ್ಷೆ ಮುಂದಿನ ವಾರಕ್ಕೆ ಹೋಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. "ದೇವ್ರಿಗೇ ಮನ್ಸಿಲ್ಲೆ, ಬಿಡ್" ಅನ್ನುತ್ತ ಬಸ್ಸು ಹತ್ತಿದರು.

ಮೂಕಾಂಬಿಕಾ ಬಿಡಲಿಲ್ಲ. "ಹ್ವಾಯ್, ಪಾಯಸ ಅಂಟಿದ ಕೊಪ್ಪರಿಗೆಯಲ್ಲಿ ತೂತು ಕಾಣತ್ತಾ ನಿಮ್ಗೆ? ತೊಳ್ದೇ ಅಲ್ದಾ ಕಾಂಬುದ್? ಕರುಳೂ ಹಾಂಗೇ. ದೇವರ ಉಪವಾಸ ಬೇರೆ, ಡಾಕ್ಟರ ಉಪವಾಸ ಬೇರೆ. ನನ್ನ ಅಪ್ಪಯ್ಯನ್ನ ನಾಚ್ಕೆಯೇ ಕೊಂದದ್ದ್. ನಿಮ್ಮನ್ನ ಕಳ್ಕಂಬುಕೆ ನಾ ತಯಾರಿಲ್ಲೆ." ಕೊಪ್ಪರಿಗೆಯ ಮಾತು ತಾಗಿ ಶಾಮರಾಯರು ಪರೀಕ್ಷೆಗೆ ಒಪ್ಪಿದರು.

ಮುಂದಿನ ವಾರ ಅವಲಕ್ಕಿ ಡಬ್ಬಿ ಬೀರುವಿನೊಳಗೆ, ಬೀಗದಕೈ ಮೂಕಾಂಬಿಕಾ ಸೊಂಟದಲ್ಲಿ. ಆಸ್ಪತ್ರೆಯಲ್ಲಿ ಎನಿಮಾ ಕೊಟ್ಟು ಕರುಳು ಶುಚಿ ಮಾಡಿದರು. ನಳಿಗೆಯ ಕ್ಯಾಮೆರಾದಲ್ಲಿ ಒಂದು ಸಣ್ಣ ಗಂಟು ಕಂಡಿತು. ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗಬಹುದಿತ್ತು. ಉಳಿದ ಕರುಳನ್ನೂ ಒಮ್ಮೆ ನೋಡಬೇಕು ಅಂದಾಗ ಶಾಮರಾಯರೇ ಕೇಳಿದರು, "ಯಾವತ್ತ್ ಬಪ್ಪುದ್?"

ಓದುವವರೇ, ಕೇಳುವವರೇ, ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ನೀವೇ ತೀರ್ಮಾನ ಮಾಡಬೇಡಿ. ಇದು ನಾಚುವ ವಿಷಯ ಅಲ್ಲ, ಡಾಕ್ಟರಿಗೆ ಹೇಳಿ. ಸಕ್ಕರೆ ಕಾಯಿಲೆಗೆ ಅಥವಾ ರಕ್ತ ತೆಳುವಾಗಲು ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಮೊದಲೇ ತಿಳಿಸಿ. ಅವರು ಹೇಳಿದ ಹಾಗೇ ಹೊಟ್ಟೆ ಖಾಲಿ ಮಾಡಿಕೊಂಡು ಹೋಗಿ. ಅವಲಕ್ಕಿ ಎಲ್ಲಿಗೂ ಓಡಿಹೋಗುವುದಿಲ್ಲ, ಬಂದು ತಿನ್ನಿ.